ಹೊಂಗೆಮರದಿಂದ ನಾಲ್ಕು ಕಂಬದಾಚೆ

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಸುಂದರಮ್ಮ ಮೊದಲು ಮಾಡುತ್ತಿದ್ದ ಕೆಲಸ ಈರುಳ್ಳಿ ಹೆಚ್ಚುವುದಲ್ಲ, ಬಲ್ಬು ಹೊತ್ತಿಸುವುದೂ ಅಲ್ಲ. ರಸ್ತೆಯ ಆಚೆ ತುದಿಯ ಕಡೆ ಕತ್ತು ಚಾಚಿ ನೋಡುವುದು. ಅಲ್ಲಿ ಟ್ರಾನ್ಸ್‌ಫಾರ್ಮರಿನ ಪಕ್ಕ ಇನ್ನೊಂದು ಬಲ್ಬು ಹೊತ್ತಿಕೊಂಡಿತೆಂದರೆ ಚಾಮಯ್ಯ ಬಂದರು ಅಂತ ಅರ್ಥ. ಬಲ್ಬು ಕಾಣುತ್ತಿತ್ತು, ಅದರ ಕೆಳಗಿನ ಮನುಷ್ಯ ಕಾಣುತ್ತಿರಲಿಲ್ಲ. ಕಂಡಿದ್ದರೂ ಏನು ಮಾಡುತ್ತಿದ್ದಳೋ, ಕೂಗಿದರೆ ಕೇಳುವ ದೂರವಲ್ಲ. ಆಮೇಲೆ ಚಾಕು ಕೈಗೆತ್ತಿಕೊಂಡು, ಈರುಳ್ಳಿಯ ನೆಪದಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದಳು. ಈರುಳ್ಳಿಯಷ್ಟು ಅನುಕೂಲದ ತರಕಾರಿ ಇನ್ನೊಂದಿಲ್ಲ.

ಅವಳನ್ನು ಈ ಗಣಪತಿ ಗುಡಿಯ ಮುಂದೆ ತಂದು ನಿಲ್ಲಿಸಿದವರು ಶತ್ರುಗಳೇನಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ, ಅದೂ ಒಳ್ಳೆಯದಕ್ಕೇ. ಒಳ್ಳೆಯದು ಆಯಿತು ಕೂಡ. ಅದೇ ತೊಂದರೆ ನೋಡಿ. ಕೆಟ್ಟದ್ದಾಗಿದ್ದರೆ ಮಗಳನ್ನು ಬೈದು ಹಿಂದಕ್ಕೆ ಹೋಗಬಹುದಿತ್ತು.

ಹೂಟಗಳ್ಳಿಯ ಆ ರಸ್ತೆಯನ್ನು ಸ್ಕೇಲು ಇಟ್ಟು ಎಳೆದಂತಿದೆ. ಒಂದು ಕಡೆ ಫ್ಯಾಕ್ಟರಿಯ ಉದ್ದಾನುದ್ದ ಕಾಂಪೌಂಡು, ಇನ್ನೊಂದು ಕಡೆ ಸಾಲುಮನೆಗಳು. ಈ ತುದಿಗೆ ಬಸ್‌ಸ್ಟಾಪು, ಆ ತುದಿಗೆ ನೀರಿನ ಟ್ಯಾಂಕು, ಟ್ಯಾಂಕಿನ ಹಿಂದೆ ಬರೀ ಖಾಲಿ ಸೈಟು, ಪಾರ್ಥೇನಿಯಂ. ನಟ್ಟನಡುವೆ ಒಂದು ಹೊಂಗೆಮರ. ಮರದಿಂದ ಈ ಕಡೆಗೆ ನಾಲ್ಕು ಲೈಟುಕಂಬ ದಾಟಿದರೆ ಗಣಪತಿ ಗುಡಿ, ಆ ಕಡೆಗೆ ನಾಲ್ಕು ಕಂಬ ದಾಟಿದರೆ ಟ್ರಾನ್ಸ್‌ಫಾರ್ಮರು. ಇಷ್ಟೇ ಭೂಗೋಳ. ಇದರಲ್ಲೇ ಗಾಡಿ ತಳ್ಳುತ್ತ ಸುಂದರಮ್ಮನ ಹನ್ನೆರಡು ವರ್ಷ ಕಳೆದಿತ್ತು.

ಇಲವಾಲದ ಆಚೆಯ ಹಳ್ಳಿಯೊಂದರ ರಾಗಿ ಹೊಲದವರ ಮಗಳು ಅವಳು. ಮದುವೆಯಾಗಿ ಬಂದಾಗ ಹೂಟಗಳ್ಳಿಯೂ ಹಳ್ಳಿಯೇ ಆಗಿತ್ತು, ಹಿತ್ತಿಲಲ್ಲಿ ಎಮ್ಮೆ, ಮುಂಬಾಗಿಲಲ್ಲಿ ಫ್ಯಾಕ್ಟರಿಯ ಸೈರನ್ನು. ಗಂಡ ಬಸವರಾಜು ಕಂತ್ರಾಟು ಕೆಲಸಗಾರ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಎರಡು ಪಾಳಿ ದುಡಿದು ಬಂದವನಿಗೆ ಮಾತೆಲ್ಲಿಂದ ಬರಬೇಕು? ಮಗಳು ದಿವ್ಯ ಪ್ರೈಮರಿ ಸ್ಕೂಲಿನಲ್ಲಿರುವಾಗ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಅತ್ತದ್ದೂ ಆಯಿತು, ನೆಂಟರು ಬಂದು ಬುದ್ಧಿ ಹೇಳಿ ಉಂಡು ಹೋದದ್ದೂ ಆಯಿತು. ಆಮೇಲೆ ಸುಂದರಮ್ಮ ಹಳೆಯ ತಳ್ಳುಗಾಡಿಯೊಂದನ್ನು ಕೊಂಡು ಬಸ್‌ಸ್ಟಾಪಿನಲ್ಲಿ ಚುರುಮುರಿ ಹಾಕತೊಡಗಿದಳು. ಒಲೆ ಬೇಡ, ಗ್ಯಾಸು ಬೇಡ. ಒಳ್ಳೆಯ ಪುರಿ, ತುರಿದ ಕ್ಯಾರೆಟ್ಟು, ಮಾವಿನಕಾಯಿ, ಖಾರ ಅರೆಯುವ ಕೈ ಇದ್ದರೆ ಸಾಕು. ಕೈ ಅವಳದು ಚೆನ್ನಾಗಿತ್ತು.

ಒಂದು ವರ್ಷ ರಸ್ತೆಗೆಲ್ಲ ಅವಳೊಬ್ಬಳೇ ರಾಣಿ. ಆಮೇಲೆ ನಜರ್‌ಬಾದಿನಿಂದ ಚಾಮಯ್ಯ ಬಂದರು. ಹೆಂಡತಿ ತೀರಿಕೊಂಡ ಮೇಲೆ, ಆಟೋ ಓಡಿಸುವ ಮಗ ಚಂದ್ರು ಹೂಟಗಳ್ಳಿಯ ಕಡೆ ಮನೆ ಹಿಡಿದಾಗ ಅವರೂ ಗಾಡಿ ಸಮೇತ ಬಂದವರು. ನಜರ್‌ಬಾದಿನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಗಾಡಿಗಳು, ಇಲ್ಲಾದರೂ ಉಸಿರಾಡೋಣ ಅಂತ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತರು. ಅವಳು ಈ ತುದಿ, ಅವರು ಆ ತುದಿ. ಹಾಗೇ ಇದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಚುರುಮುರಿಗೋಸ್ಕರ ಯಾರೂ ದೂರ ನಡೆಯುವುದಿಲ್ಲ, ಯಾವ ಗಾಡಿ ಹತ್ತಿರವೋ ಅಲ್ಲೇ ಕೈಚಾಚುತ್ತಾರೆ. ಸುಂದರಮ್ಮನಿಗೆ ಇದು ಗೊತ್ತಿತ್ತು. ಒಂದು ಸಂಜೆ ಗಾಡಿಯನ್ನು ಒಂದು ಕಂಬ ಮುಂದಕ್ಕೆ ತಳ್ಳಿದಳು, ಆ ಒಂದು ಕಂಬದ ಮನೆಗಳು ತನಗೆ ಬರಲಿ ಅಂತ. ಮಾರನೆಯ ಸಂಜೆ ಚಾಮಯ್ಯ ಒಂದು ಕಂಬ ಮುಂದಕ್ಕೆ ಬಂದರು. ಇವಳು ಇನ್ನೊಂದು, ಅವರು ಇನ್ನೊಂದು. ಬಾಯಿ ಬಿಟ್ಟು ಒಂದು ಮಾತಿಲ್ಲ, ಬರೀ ಗಾಡಿಯ ಚಕ್ರದಲ್ಲೇ ಜಗಳ. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಹೊಂಗೆಮರದ ಕೆಳಗೆ ಚಕ್ರಕ್ಕೆ ಚಕ್ರ ತಾಗಿಸಿ ನಿಂತಿದ್ದರು. ಇನ್ನು ಕದಲಿದರೆ ಕದಲಿದವರಿಗೇ ನಷ್ಟ. ಬಸ್‌ಸ್ಟಾಪಿನ ಕಡೆಯವರು ಅವಳ ಗಾಡಿಗೆ, ಟ್ಯಾಂಕಿನ ಕಡೆಯವರು ಅವರ ಗಾಡಿಗೆ. ಅಷ್ಟೆಲ್ಲ ಗುದ್ದಾಡಿ ಬಂದದ್ದು ಮೊದಲಿದ್ದ ಅರ್ಧರ್ಧಕ್ಕೇ.

ಆರು ತಿಂಗಳು ಹಾವು ಮುಂಗುಸಿ. ಮುಖ ನೋಡಿದರೆ ಅವಳು ಅತ್ತ, ಅವರು ಇತ್ತ. ಚೈತ್ರದ ಒಂದು ಸಂಜೆ ಹೇಳದೆ ಕೇಳದೆ ಆಲಿಕಲ್ಲು ಮಳೆ ಬಂತು. ಸುಂದರಮ್ಮ ಪುರಿ ಮೂಟೆಯನ್ನು ಸೆರಗಲ್ಲಿ ಮುಚ್ಚಲು ಹೋದಳು. ಸೆರಗಲ್ಲಿ ಮೂಟೆ ಮುಚ್ಚುತ್ತದೆಯೇ? ಅಷ್ಟರಲ್ಲಿ ಅವಳ ಮೂಟೆಯ ಮೇಲೆ ಟಾರ್ಪಾಲು ಬಿತ್ತು. ಚಾಮಯ್ಯ ತಮ್ಮ ಗಾಡಿಯ ಟಾರ್ಪಾಲು ಬಿಚ್ಚಿ ಅವಳದಕ್ಕೆ ಹೊದಿಸಿ, ತಾವು ತಲೆ ಮೇಲೆ ಬೋಗುಣಿ ಇಟ್ಟುಕೊಂಡು ನಿಂತಿದ್ದರು. ಆಲಿಕಲ್ಲು ಬೋಗುಣಿಗೆ ಬಿದ್ದು ಟಣ್ ಟಣ್ ಅಂತಿತ್ತು.

“ನಿಮ್ಮ ಪುರಿ?” ಅಂದಳು. ಅವರೊಂದಿಗೆ ಆಡಿದ ಮೊದಲ ಮಾತು.

“ನಂದು ಆಗ್ಲೇ ಮೆತ್ತಗಾಗೋಗೈತೆ. ಎರಡೂ ಯಾಕೆ ಮೆತ್ತಗಾಗ್ಬೇಕು ಬುಡಿ,” ಅಂದರು ಚಾಮಯ್ಯ.

ಅಲ್ಲಿಂದ ಶುರು. ಅವಳು ಮಾವಿನಕಾಯಿ ಹೆಚ್ಚಿದರೆ ಇಬ್ಬರಿಗೂ ಸೇರಿಸಿ, ಅವರು ಕ್ಯಾರೆಟ್ಟು ತುರಿದರೆ ಇಬ್ಬರಿಗೂ ಸೇರಿಸಿ. ಬೋಣಿಯಾಗದೆ ಇನ್ನೊಬ್ಬರು ಕಾಯುತ್ತಿದ್ದರೆ, ಆದವರು ತಮ್ಮ ಮುಂದಿನ ಗಿರಾಕಿಯನ್ನು “ಅಲ್ಲಿ ತಗೊಳ್ಳಿ” ಅಂತ ಪಕ್ಕಕ್ಕೆ ಕಳಿಸುವುದು. ಆಯುಧಪೂಜೆಗೆ ಎರಡು ಗಾಡಿಗೂ ಸೇರಿ ಒಂದೇ ಬೂದುಗುಂಬಳ.

ಎಲ್ಲಕ್ಕಿಂತ ಹೆಚ್ಚಾಗಿ ಪೇಪರು. ಪೊಟ್ಟಣ ಕಟ್ಟುವುದಕ್ಕೆ ಹಳೆಯ ಪತ್ರಿಕೆ ಹರಿಯುವ ಮೊದಲು ಚಾಮಯ್ಯ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಟಕದ ಕಂಪನಿಯವರ ಹಾಗೆ ಒಳ್ಳೆಯ ಕಂಠ. “ಮದುವೆ ಮಂಟಪಕ್ಕೆ ನುಗ್ಗಿದ ಎಮ್ಮೆ, ವರ ಪರಾರಿ” ಅಂತ ಶುರು ಮಾಡಿ, ಎಮ್ಮೆ ಊಟದ ಹಾಲಿಗೆ ಹೊಕ್ಕಿತು ಅನ್ನುವಷ್ಟರಲ್ಲಿ ಗಿರಾಕಿ ಬರುತ್ತಿದ್ದ. ಹಾಳೆ ಹರಿದು, ಸುರುಳಿಯಾಗಿ, ಚುರುಮುರಿ ತುಂಬಿಕೊಂಡು ಹೊರಟುಹೋಗುತ್ತಿತ್ತು.

“ಆಮೇಲೆ?” ಅನ್ನುತ್ತಿದ್ದಳು ಸುಂದರಮ್ಮ.

“ಆಮೇಲಿಂದು ಆ ಯಪ್ಪ ಕೈಲಿಡ್ಕಂಡು ಓದ್ನಲ್ಲ,” ಅನ್ನುತ್ತಿದ್ದರು ಚಾಮಯ್ಯ.

ಮಿಕ್ಕದ್ದನ್ನು ಅವಳೇ ಕಟ್ಟಬೇಕು. ಎಮ್ಮೆ ಪಾಯಸ ಕುಡಿಯಿತು, ವರ ಮರ ಹತ್ತಿದ, ಹುಡುಗಿ ಎಮ್ಮೆಯನ್ನೇ ಹೊಡಕೊಂಡು ಮನೆಗೆ ಹೋದಳು. ಅವರು ನಕ್ಕರೆ ಕೈಯ ಬೋಗುಣಿಯೂ ಅಲುಗುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ನಿಂತರೂ ಅವಳು ಅವರನ್ನು ಅಣ್ಣ ಅನ್ನಲಿಲ್ಲ, ಅವರು ಅವಳನ್ನು ಅಕ್ಕ ಅನ್ನಲಿಲ್ಲ. ಇಡೀ ರಸ್ತೆ ಒಬ್ಬರಿಗೊಬ್ಬರು ಅಣ್ಣ ಅಕ್ಕ ಅಂದುಕೊಂಡು ಓಡಾಡುವಾಗ ಇವರಿಬ್ಬರು “ಚಾಮಯ್ನೋರೆ”, “ಸುಂದರಮ್ಮೋರೆ” ಅಂತಲೇ ಇದ್ದರು. ಯಾರೂ ಅದನ್ನು ಗಮನಿಸಲಿಲ್ಲ. ವ್ಯಾಪಾರಕ್ಕೆ ನಿಂತವರು, ಇನ್ನೇನು ಅಂತ ಬಿಟ್ಟರು. ಜನರ ಬಾಯಿಗೆ ಬೀಗ ಹಾಕುವುದಕ್ಕೆ ವ್ಯಾಪಾರದಂಥ ನೆಪ ಬೇರೆ ಇಲ್ಲ. ಸುಂದರಮ್ಮ ತಾನೂ ಆ ನೆಪದ ಹಿಂದೆ ಏನಿದೆ ಅಂತ ಎತ್ತಿ ನೋಡಿದವಳಲ್ಲ.

ಹೀಗಿರುವಾಗ ದಿವ್ಯ ಗಂಗೋತ್ರಿಯ ಯೂನಿವರ್ಸಿಟಿಗೆ ಎಂ.ಎ. ಓದಲು ಸೇರಿದಳು, ಅರ್ಥಶಾಸ್ತ್ರ. ಒಂದು ಸಂಜೆ ಬಂದವಳು ಗಾಡಿಯ ಹಲಗೆಯ ಮೇಲೆ ಕಡಲೆಕಾಯಿ ಬೀಜಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿದಳು. ನಡುವೆ ಎರಡು ಟೊಮೇಟೊ ಇಟ್ಟಳು.

“ಅಮ್ಮ, ಅಂಕಲ್, ಇಬ್ರೂ ನೋಡಿ. ಬೀಜ ಎಲ್ಲ ಮನೆಗಳು. ಟೊಮೇಟೊ ನೀವಿಬ್ರು. ನಮ್ಮ ಮೇಷ್ಟ್ರು ಕ್ಲಾಸಲ್ಲಿ ಇದೇ ಹೇಳ್ತಿದ್ರು, ನಂಗೆ ನಿಮ್ಮಿಬ್ರ ಗಾಡಿ ಕಣ್ಮುಂದೆ ಬಂತು. ಇದಕ್ಕೆ ಗೇಮ್ ಥಿಯರಿ ಅಂತಾರೆ.”

“ಗೇಮ್ ಅಂದ್ರೆ ಚೌಕಾಬಾರ ತರಾನಾ?” ಅಂದಳು ಸುಂದರಮ್ಮ.

“ಹೂಂ, ಅಂಗೇ ಅಂದ್ಕೋ. ಅವರು ಯಾವ ಕಾಯಿ ನಡೆಸ್ತಾರೆ ಅಂತ ಯೋಚಿಸಿ ನೀನು ನಿನ್ನ ಕಾಯಿ ನಡೆಸೋದು.” ಟೊಮೇಟೊಗಳನ್ನು ಒಂದೊಂದು ತುದಿಗಿಟ್ಟಳು. “ಮೊದಲು ಇಲ್ಲಿದ್ರಿ. ನೀನು ಒಳಗೆ ಬಂದ್ರೆ ನಿಂಗೆ ಒಂದೆರಡು ಬೀಜ ಜಾಸ್ತಿ, ಅವರಿಗೆ ಕಮ್ಮಿ. ಅದಕ್ಕೆ ಅವರೂ ಒಳಗೆ ಬಂದ್ರು. ಹಿಂಗೇ ಬಂದು ಬಂದು ನಡುವೆ ಸಿಕ್ಕಾಕ್ಕೊಂಡ್ರಿ. ಎಲ್ಲ ಊರಲ್ಲೂ ಅಂಗಡಿಗಳು ಗುಂಪುಗುಂಪಾಗಿರೋದು ಇದಕ್ಕೇ. ಆದ್ರೆ ತುದಿ ಮನೆಗಳಲ್ಲಿ ಮೊಣಕಾಲು ನೋವಿರೋ ಅಜ್ಜಿಯರಿದ್ದಾರಲ್ಲ, ಅವರು ಇಲ್ಲೀತನಕ ಬರೋದೇ ಇಲ್ಲ. ನೀವಿಬ್ರೂ ಹಿಂಗೆ ನಿಂತ್ರೆ?” ಒಂದು ಟೊಮೇಟೊವನ್ನು ಗುಡಿಯ ಜಾಗಕ್ಕೆ, ಇನ್ನೊಂದನ್ನು ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಸರಿಸಿದಳು. “ಇಬ್ರಿಗೂ ಅರ್ಧರ್ಧನೇ. ಯಾರಿಗೂ ಮೋಸ ಇಲ್ಲ. ಅಜ್ಜಿಯರೂ ಬರ್ತಾರೆ. ಆದ್ರೆ ಒಂದು, ಇಬ್ರೂ ಕದಲಬಾರದು. ಒಬ್ರು ಒಳಗೆ ಸರಿದ್ರೆ ಅದು ಇನ್ನೊಬ್ರ ಗಿರಾಕಿ ಮೇಲೆ ಕಣ್ಣಾಕ್ದಂಗೆ.”

ಚಾಮಯ್ಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಒಂದು ಟೊಮೇಟೊ ಎತ್ತಿ ಇನ್ನೊಂದರ ಪಕ್ಕಕ್ಕೆ, ಅದಕ್ಕೂ ತುದಿಗೂ ನಡುವಿನ ಸಣ್ಣ ಜಾಗದಲ್ಲಿಟ್ಟರು. “ಈ ಕಡೆ ನಿಂತ್ರೆ?”

ದಿವ್ಯ ನಕ್ಕಳು. “ಅಲ್ಲಿ ಯಾರು ನಿಲ್ತಾರೆ ಅಂಕಲ್? ಪಕ್ಕದಲ್ಲೇ ನಿಲ್ಲೋದಾದ್ರೆ ಬೀಜ ಜಾಸ್ತಿ ಇರೋ ಕಡೆ ನಿಲ್ತಾರೆ. ಈ ಕಡೆ ನಾಲ್ಕು ಬೀಜ, ಅವೂ ಸಿಕ್ಕಿದ್ರೆ ಸಿಕ್ತು. ಆಟ ಗೊತ್ತಿರೋರು ಯಾರೂ ಆ ಕಡೆ ನಿಲ್ಲಲ್ಲ.”

ಸುಂದರಮ್ಮ ಚಾಮಯ್ಯನವರ ಮುಖ ನೋಡಿದಳು. ಬೇಡ ಅನ್ನಲಿ ಅಂತ ಕಾದಳು. ಈಗೇನು ಕಡಿಮೆಯಾಗಿದೆ ಮಗು, ನೆರಳಿದೆ, ಮರವಿದೆ ಅಂತ ಒಂದು ಮಾತು ಆಡಲಿ ಅಂತ.

“ಮಗು ಹೇಳೋದು ಸರಿಯಾಗೈತೆ,” ಅಂದರು ಅವರು. “ಸುಂದರಮ್ಮೋರಿಗೆ ಅನುಕೂಲ ಆಗೋದಾದ್ರೆ ನಂದೇನಿಲ್ಲ.”

“ನಂದೂ ಏನಿಲ್ಲ. ಅವರಿಗೆ ಅನುಕೂಲ ಆದ್ರೆ ಆಯ್ತು,” ಅಂದಳು ಇವಳು.

ನೋಡಿ, ಇದು ನಮ್ಮವರ ದೊಡ್ಡ ರೋಗ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವುದು, ಇರು ಅಂದವರ ಮುಂದೆ ಹೋಗುತ್ತೇನೆ ಅನ್ನುವುದು, ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಲು ಹೋಗಿ ಇಬ್ಬರೂ ಬಾವಿಗೆ ಬೀಳುವುದು. ಎಲೆಯಡಿಕೆ ಇಟ್ಟು ಮಾತಾಯಿತು. ಅವಳು ಗುಡಿಯ ಹತ್ತಿರ, ಅವರು ಟ್ರಾನ್ಸ್‌ಫಾರ್ಮರಿನ ಹತ್ತಿರ, ಕದಲಬಾರದು. ಮಾರನೆಯ ಸಂಜೆ ಗಾಡಿಗಳ ಚಕ್ರ ಬೇರೆ ಬೇರೆ ದಿಕ್ಕಿಗೆ ಉರುಳಿದವು. ಹೊಂಗೆಮರದ ಕೆಳಗೆ ಉಳಿದದ್ದು ಈರುಳ್ಳಿ ಸಿಪ್ಪೆ ಮಾತ್ರ, ಅದನ್ನೂ ಪೌರಕಾರ್ಮಿಕರು ಗುಡಿಸಿಕೊಂಡು ಹೋದರು.

ದಿವ್ಯ ಹೇಳಿದ್ದು ಅಕ್ಷರಶಃ ನಿಜವಾಯಿತು. ಬಸ್‌ಸ್ಟಾಪಿನ ಅಜ್ಜಿಯರು ಕೋಲೂರಿಕೊಂಡು ಬಂದರು, ಬಾಣಂತಿಯರು ಗೇಟಿನಿಂದಲೇ ಕೂಗಿ ತರಿಸಿಕೊಂಡರು, ಪುರಿ ಮೂಟೆ ಬೇಗ ಖಾಲಿಯಾಯಿತು. ಮಗಳ ಮೇಷ್ಟ್ರು ಅವಳ ಪ್ರಾಜೆಕ್ಟನ್ನು ಹೊಗಳಿದರಂತೆ. ಮಗಳ ಮುಖ ಅರಳಿದ್ದು ಕಂಡು ಸುಂದರಮ್ಮನಿಗೂ ಹೆಮ್ಮೆಯೇ. ಆದರೆ ಸಂಜೆ ಪೇಪರು ಹರಿಯಲು ಕೈಗೆತ್ತಿಕೊಂಡಾಗ ಅವಳಿಗೆ ಕೈ ಬರುತ್ತಿರಲಿಲ್ಲ. ಒಂದೆರಡು ಸಲ ತಾನೇ ಓದಿ ನೋಡಿದಳು. ಕಳ್ಳತನ, ಅಪಘಾತ, ಜಾಹೀರಾತು, ಎಲ್ಲ ಸಪ್ಪೆ. ಎಮ್ಮೆಗಳೆಲ್ಲ ಎಲ್ಲಿ ಹೋದವೋ. ಓದು ಮುಗಿಸಿ “ಆಮೇಲೆ?” ಅಂದುಕೊಂಡರೆ ಮುಂದೆ ಗಣಪತಿ, ಅವನೇನು ಹೇಳುತ್ತಾನೆ.

ಹೋಗಿ ಮಾತಾಡಿಸಿದರಾಗಿತ್ತು ಅನ್ನುತ್ತೀರಿ. ಎಲ್ಲಿಗೆ ಹೋಗಬೇಕು? ಗಾಡಿ ಬಿಟ್ಟು ಹೋದರೆ ಗಾಡಿ ಯಾರು ನೋಡಬೇಕು? ಬೆಳಗಿನ ಹೊತ್ತು ಅವರ ಮನೆ ಬಾಗಿಲಿಗೆ ಹೋದರೆ, ಗಂಡ ಸತ್ತವಳಿಗೆ ಹೆಂಡತಿ ಸತ್ತವನ ಬಾಗಿಲಲ್ಲಿ ಏನು ಕೆಲಸ ಅಂತ ಸೊಸೆ ಕೇಳಲಿಲ್ಲವೆಂದರೂ ಬೀದಿ ಕೇಳುತ್ತದೆ. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ, ವ್ಯಾಪಾರ ಅವರಿಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡಿತ್ತು. ಈಗ ಅದೇ ವ್ಯಾಪಾರ ಬೇಲಿ ಹಾಕಿತ್ತು. ಅವರ ಕಡೆಗೆ ಒಂದು ಕಂಬ ಸರಿದರೂ ಅದಕ್ಕೆ ಲೋಕದಲ್ಲಿ ಒಂದೇ ಅರ್ಥ: ಸುಂದರಮ್ಮ ಮಾತು ತಪ್ಪಿದಳು, ಚಾಮಯ್ಯನವರ ಗಿರಾಕಿ ಕದಿಯಲು ಹೊರಟಳು. ನಿಮ್ಮ ಮಾತು ಕೇಳಬೇಕು ಅನ್ನಿಸಿ ಬಂದೆ ಅನ್ನುವುದಕ್ಕೆ ಆ ಆಟದಲ್ಲಿ ಕಾಯಿಯೇ ಇಲ್ಲ.

ಆದರೂ ಮನಸ್ಸು ಕೇಳಬೇಕಲ್ಲ. ಶ್ರಾವಣದಲ್ಲೊಂದು ದಿನ ಗುಡಿಯ ಮುಂದಿನ ಮೋರಿಯ ಕಲ್ಲು ಮುರಿದು ವಾಸನೆ ಎದ್ದಿತು. ಸುಂದರಮ್ಮ ಆ ಮೋರಿಗೆ ಮನಸ್ಸಿನಲ್ಲೇ ಕೈಮುಗಿದು, ಗಾಡಿಯನ್ನು ಒಂದು ಕಂಬ ಒಳಕ್ಕೆ ತಳ್ಳಿದಳು. ಒಂದೇ ಕಂಬ. ಮಾರನೆಯ ಸಂಜೆ ಕತ್ತು ಚಾಚಿದರೆ, ಆ ಕಡೆಯ ಬಲ್ಬೂ ಒಂದು ಕಂಬ ಹತ್ತಿರ ಬಂದಿತ್ತು.

ಅವಳ ಎದೆ ಹೊಡೆದುಕೊಂಡ ರಭಸಕ್ಕೆ ಖಾರ ಹಾಕಿದ ಚುರುಮುರಿಗೇ ಮತ್ತೆ ಖಾರ ಹಾಕಿದಳು, ಗಿರಾಕಿ ಬೈದುಕೊಂಡು ತಿಂದ. ಅವರೂ ಬರುತ್ತಿದ್ದಾರೆ. ಅವರಿಗೂ ಹಾಗೇ ಆಗಿದೆ. ಅಂದು ರಾಣಿಯಂತಿದ್ದಳು.

ಅಷ್ಟರಲ್ಲಿ ಕುಮಾರ್ ಬಂದರು. ಫ್ಯಾಕ್ಟರಿಯಿಂದ ರಿಟೈರಾದವರು, ಡಾಕ್ಟರು ನಡೆಯಲು ಹೇಳಿದ್ದರಿಂದ ದಿನಾ ಸಂಜೆ ಟ್ಯಾಂಕಿನಿಂದ ಬಸ್‌ಸ್ಟಾಪಿನತನಕ ನಡೆಯುತ್ತಾರೆ, ಜೊತೆಗೆ ಈ ತುದಿಯ ಸುದ್ದಿ ಆ ತುದಿಗೆ ಮುಟ್ಟಿಸುತ್ತಾರೆ. “ಏನು ಸುಂದರಮ್ಮ, ಮತ್ತೆ ಶುರು ಹಚ್ಕೊಂಡ್ರಾ ನಿಮ್ಮ ಕಂಬದ ಜಗಳ? ಚಾಮಯ್ಯನ್ನ ಕೇಳಿದೆ. ಅವರೊಂದು ಕಂಬ ಬಂದ್ರು, ನಾನೊಂದು ಕಂಬ ಬಂದೆ ಅಂದ್ರು ಕಣ್ರೀ. ಸರಿ ತಾನೆ, ಎಷ್ಟಂದ್ರೂ ಅವರೂ ಹೊಟ್ಟೆಪಾಡಿಗೆ ನಿಂತೋರು.”

ಅವರೊಂದು ಕಂಬ ಬಂದರು, ನಾನೊಂದು ಕಂಬ ಬಂದೆ. ಈ ಮಾತನ್ನು ಸುಂದರಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಸೆಯಿಂದ ಬಂದವರೂ ಹೀಗೇ ಅನ್ನುತ್ತಾರೆ, ಸಿಟ್ಟಿನಿಂದ ಬಂದವರೂ ಹೀಗೇ ಅನ್ನುತ್ತಾರೆ. ಮನೆಗೆ ಹೋದರೆ ದಿವ್ಯ ಬೇಜಾರಾಗಿ ಕೂತಿದ್ದಳು. “ಅಮ್ಮ, ನೀನೇ ಮೊದ್ಲು ಕದಲಿದ್ಯಂತೆ? ಎಲೆಯಡಿಕೆ ಇಟ್ಟು ಮಾತಾಡಿದ್ದಲ್ವಾ? ಅವರು ನಿನ್ನ ನಂಬಿ ಒಪ್ಕೊಂಡಿದ್ರು.”

“ಮೋರಿ ವಾಸನೆ ಕಣೇ,” ಅಂದಳು ಸುಂದರಮ್ಮ, ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಮಗಳಿಗೆ ಏನಂತ ಹೇಳುವುದು? ಮುಖದ ನೀರಿಳಿದು ಹೋಯಿತು. ಮಾರನೆಯ ದಿನ ಗಾಡಿಯನ್ನು ಮೋರಿಯ ವಾಸನೆಗೇ ವಾಪಸ್ಸು ತಳ್ಳಿದಳು. ಅದರ ಮಾರನೆಯ ದಿನ ಆ ಕಡೆಯ ಬಲ್ಬೂ ಟ್ರಾನ್ಸ್‌ಫಾರ್ಮರಿಗೆ ವಾಪಸ್ಸು ಹೋಯಿತು. ಅಲ್ಲಿಗೆ ತೀರ್ಮಾನವಾಯಿತು ಅಂದುಕೊಂಡಳು. ತಾನು ಮುಂದೆ ಬಂದಾಗ ಬಂದರು, ಹಿಂದೆ ಹೋದಾಗ ಹೋದರು. ಬರೀ ವ್ಯಾಪಾರ. ತನಗೆ ಈ ವಯಸ್ಸಿನಲ್ಲಿ ಬೇಕಿತ್ತೇ ಇದೆಲ್ಲ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಹೋಗುವಂಥದ್ದಾಗಿದ್ದರೆ ಲೋಕದಲ್ಲಿ ಅರ್ಧ ಸಂಕಟ ಇರುತ್ತಿರಲಿಲ್ಲ. ಸಂಜೆಯಾದರೆ ಕತ್ತು ತಾನಾಗೇ ಆ ಕಡೆ ತಿರುಗುತ್ತಿತ್ತು.

ಆಯುಧಪೂಜೆ ಬಂತು. ಊರಿಗೆ ಊರೇ ಸೇವಂತಿಗೆ ಹೂವಿನಲ್ಲಿ ಮುಳುಗಿತ್ತು. ಆಟೋ, ಬೈಕು, ಇಸ್ತ್ರಿ ಪೆಟ್ಟಿಗೆ, ಯಾವುದಕ್ಕೂ ಅರಿಶಿನ ಕುಂಕುಮ ತಪ್ಪಲಿಲ್ಲ. ಸುಂದರಮ್ಮ ಬೆಳಿಗ್ಗೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೋಗುಣಿಗೂ ಚಾಕುವಿಗೂ ಕುಂಕುಮವಿಟ್ಟಳು. ಬೂದುಗುಂಬಳಕ್ಕೆ ಮಾತ್ರ ಕೈ ಹೋಗಲಿಲ್ಲ. ಇಷ್ಟು ವರ್ಷ ಅದನ್ನು ಒಡೆಯುತ್ತಿದ್ದವರು ಚಾಮಯ್ಯ. ಕುಂಕುಮ ತುಂಬಿ, ಎರಡು ಗಾಡಿಗೂ ನಿವಾಳಿಸಿ, ಹೊಂಗೆಮರದ ಮುಂದೆ ಹೊಡೆಯುತ್ತಿದ್ದರು. ಒಂದು ಗಾಡಿಗೆ ಒಂದು ಕುಂಬಳ ಅವಳಿಗೆ ಜಾಸ್ತಿ ಅನ್ನಿಸಿತು.

ದಿವ್ಯ ಪ್ಲೇಟಿನಲ್ಲಿ ಕಡಲೆಕಾಯಿ ಬೀಜ ತಂದಿಟ್ಟಿದ್ದಳು. ಪುರಿಗೆ ಬೆರೆಸಲು ಕೈ ಹಾಕಿದ ಸುಂದರಮ್ಮನಿಗೆ ಅವತ್ತಿನ ಸಾಲು ನೆನಪಾಯಿತು. ಬೀಜಗಳು, ಎರಡು ಟೊಮೇಟೊ, ಚಾಮಯ್ಯ ಬಗ್ಗಿ ಕೇಳಿದ್ದು: ಈ ಕಡೆ ನಿಂತ್ರೆ? ಅಲ್ಲಿ ಯಾರೂ ನಿಲ್ಲಲ್ಲ ಅಂತ ಮಗಳು ನಕ್ಕದ್ದು. ಅವರ ಪಕ್ಕಕ್ಕೆ ಹೋಗಿ ಬೀಜ ಜಾಸ್ತಿ ಇರುವ ಕಡೆ ನಿಂತರೆ ಕಳ್ಳಿ. ಬೀಜವೇ ಇಲ್ಲದ ಕಡೆ ನಿಂತವಳನ್ನು ಕಳ್ಳಿ ಅನ್ನುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಸುಂದರಮ್ಮ ಬೀಜ ಬೆರೆಸುವುದನ್ನು ಬಿಟ್ಟು ಸುಮ್ಮನೆ ನಿಂತಳು. ಆಮೇಲೆ ಬೇಗಬೇಗ ಬೆರೆಸಿದಳು.

ಸಂಜೆ ಗಾಡಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ತಳ್ಳಿದಳು. ಹಣ್ಣು ಅಪ್ಪಚ್ಚಿಯಾದವು. ಗುಡಿಯ ಮುಂದೆ ನಿಲ್ಲಲಿಲ್ಲ. ಒಂದು ಕಂಬ, ಎರಡು ಕಂಬ ದಾಟಿದಳು. ಕುಮಾರ್ ಎದುರಾದರು.

“ಹಬ್ಬದ ದಿನವೇ ಹೊಂಗೆಮರ ಹಿಡಿಯೋಕೆ ಹೊರಟ್ರಾ?”

“ಹೊಂಗೆಮರ ಅಲ್ಲ, ಸ್ವಲ್ಪ ಮುಂದಕ್ಕೆ,” ಅಂದಳು. ಹೊಂಗೆಮರದ ನೆರಳು ಗಾಡಿಯ ಮೇಲೆ ಬಂದು ಹೋಯಿತು. ಮುಂದೆ ಆ ಬಲ್ಬು ದೊಡ್ಡದಾಗುತ್ತ ಬಂತು, ಅದರ ಕೆಳಗೆ ಬಿಳಿ ಅಂಗಿ, ಅಂಗಿಯೊಳಗೆ ಚಾಮಯ್ಯ. ಹಬ್ಬಕ್ಕೆ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದರು. ಸೊರಗಿದ್ದರು ಅಂತಲೂ ಅವಳಿಗೆ ಕಂಡಿತು. ಗಾಡಿ ಬರುವುದನ್ನು ಅವರು ದೂರದಿಂದಲೇ ನೋಡುತ್ತಿದ್ದರು. ಈ ಕಡೆಯೇ ನಿಲ್ಲುತ್ತಾಳೆ, ಬಸ್‌ಸ್ಟಾಪಿನತನಕ ಇರುವ ಅಷ್ಟೂ ಮನೆಗಳನ್ನು ಬೆನ್ನಿಗಿಟ್ಟುಕೊಂಡು ನಿಲ್ಲುತ್ತಾಳೆ ಅಂದುಕೊಂಡಿರಬೇಕು. ಸುಂದರಮ್ಮ ನಿಲ್ಲಲಿಲ್ಲ. ಅವರ ಗಾಡಿಯನ್ನು ಬಳಸಿಕೊಂಡು ಮುಂದೆ ಹೋದಳು, ಟ್ಯಾಂಕಿನ ಕಡೆಗೆ, ನಾಲ್ಕು ಮನೆಯ ಕಡೆಗೆ. ಅಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಳು. ಈಗ ರಸ್ತೆಯಲ್ಲಿ ಬರುವವರೆಲ್ಲ ಮೊದಲು ಅವರ ಗಾಡಿ ಮುಟ್ಟಬೇಕು, ಮಿಕ್ಕಿದ್ದು ಇವಳಿಗೆ. ಮಿಕ್ಕುವುದೇನೂ ಇಲ್ಲ.

ಚಾಮಯ್ಯ ಸ್ವಲ್ಪ ಹೊತ್ತು ಬೋಗುಣಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಸುಂದರಮ್ಮೋರೆ, ತಪ್ಪು ಕಡೆ ನಿಂತಿದ್ದೀರ.”

“ಗೊತ್ತು.”

“ಮಗು ಹೇಳಿದ್ದು ಮರ್ತೋಯ್ತಾ? ಈ ಕಡೆ ಏನೂ ಸಿಕ್ಕಲ್ಲ.”

“ಮರ್ತಿಲ್ಲ. ಗೊತ್ತಿದ್ದೇ ನಿಂತದ್ದು,” ಅಂದಳು. “ಸಿಕ್ಕೋದಿಕ್ಕೆ ಬಂದಿಲ್ಲ ಚಾಮಯ್ನೋರೆ. ಅಲ್ಲಿ ನಿಂತು ನಿಂತು ಸಾಕಾಯ್ತು.”

ಸುಂದರಮ್ಮ ಟ್ಯಾಂಕಿನ ಕಡೆ ಮುಖ ತಿರುಗಿಸಿದಳು. ಹೇಳಬಾರದಿತ್ತೇನೋ, ಮುಂದಿನ ಕ್ಷಣದಲ್ಲಿ ಅವರು “ಮನೆಗೆ ಹೋಗಿ ಸುಂದರಮ್ಮೋರೆ” ಅಂದುಬಿಟ್ಟರೆ ಈ ಗಾಡಿ ತಳ್ಳಿಕೊಂಡು ಇಷ್ಟು ಕಂಬ ಹೇಗೆ ವಾಪಸ್ಸು ಹೋಗುವುದು? ಬೆನ್ನ ಹಿಂದೆ ಕಲ್ಲು ಸರಿಸಿದ ಸದ್ದಾಯಿತು, ಚಕ್ರ ಕಿರುಗುಟ್ಟಿತು. ಹೊರಟರು ಅಂದುಕೊಂಡಳು.

ಹೊರಟಿದ್ದರು, ನಿಜ. ಗಾಡಿ ಅವಳ ಪಕ್ಕ ಬಂತು, ಅವಳನ್ನು ದಾಟಿತು, ಅವಳಿಗಿಂತ ಮುಂದೆ ಟ್ಯಾಂಕಿನ ಕಡೆಗೆ ನಿಂತಿತು. ಈಗ ಇಡೀ ರಸ್ತೆ ಅವಳದು, ಅವರಿಗೆ ಉಳಿದದ್ದು ಆ ನಾಲ್ಕು ಮನೆ, ಟ್ಯಾಂಕು ಮತ್ತು ಪಾರ್ಥೇನಿಯಂ. ಚಾಮಯ್ಯ ಬಗ್ಗಿ ಚಕ್ರಕ್ಕೆ ಕಲ್ಲು ಕೊಟ್ಟರು, ಅವಳ ಚಕ್ರಕ್ಕೆ ತಾಗುವ ಹಾಗೆ.

“ಅಂಗಾದ್ರೆ ನಾನು ಈ ಕಡೆ,” ಅಂದರು. “ಅವತ್ತು ಒಂದು ಕಂಬ ಬಂದೆ, ನೀವು ಹಿಂದಕ್ಕೋದ್ರಿ. ನಾನು ಕಣ್ಣಿಗೆ ಕಾಣಿಸ್ಬಾರ್ದು ಅಂತ ನಿಮ್ಗೆ ಅನ್ನಿಸ್ತೇನೋ ಅಂದ್ಕಂಡು ನಾನೂ ಹೋದೆ.”

ಸುಂದರಮ್ಮನಿಗೆ ಅಳು ಬಂತು. ಈರುಳ್ಳಿ ಹೆಚ್ಚಿರಲಿಲ್ಲ, ನೆಪವೂ ಇರಲಿಲ್ಲ, ಸುಮ್ಮನೆ ಅತ್ತಳು.

ಅಮ್ಮ ಗುಡಿಯ ಹತ್ತಿರ ಇಲ್ಲ ಅಂತ ಕುಮಾರ್ ಸುದ್ದಿ ಮುಟ್ಟಿಸಿರಬೇಕು, ದಿವ್ಯ ಓಡಿಕೊಂಡೇ ಬಂದಳು. ದೂರದಲ್ಲೇ ನಿಂತುಬಿಟ್ಟಳು. ಎರಡು ಗಾಡಿಗಳನ್ನು ನೋಡಿದಳು, ಹಿಂದಿನ ಖಾಲಿ ರಸ್ತೆಯನ್ನು ನೋಡಿದಳು. ಬೇರೆಯವರಾಗಿದ್ದರೆ ಇವರಿಗೇನು ತಲೆ ಕೆಟ್ಟಿದೆಯೇ ಅನ್ನುತ್ತಿದ್ದರು. ಅವಳು ಆ ಆಟ ಓದಿದವಳು, ಯಾರೂ ನಿಲ್ಲದ ಜಾಗದಲ್ಲಿ ಇಬ್ಬರೂ ಪೈಪೋಟಿಯ ಮೇಲೆ ಬಂದು ನಿಂತಿದ್ದಾರೆ ಅಂದರೆ ಏನು ಅಂತ ಅವಳಿಗೆ ಬೇಗ ತಿಳಿಯಿತು. ಅಮ್ಮನ ಹತ್ತಿರ ಬಂದು ಸೆರಗಿನಿಂದ ಅವಳ ಮುಖ ಒರೆಸಿದಳು.

“ಅಮ್ಮ, ಬೂದುಗುಂಬಳ ತಂದಿಲ್ವಾ? ಒಂದು ತರ್ತೀನಿ. ಒಂದು ಸಾಕಲ್ವಾ?”

“ಸಾಕು ಕಣಮ್ಮ,” ಅಂದರು ಚಾಮಯ್ಯ. ದಿವ್ಯ ಹೋದಳು.

ಚಾಮಯ್ಯ ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು. “ಲಕ್ಷ್ಮೀಪುರಂ: ಮನೆ ಬದಲಾಯಿಸುವಾಗ ಕಾಣೆಯಾದ ಬೆಕ್ಕಿಗಾಗಿ ಬೀದಿ ಬೀದಿ ಅಲೆದ ವೃದ್ಧೆ.” ಅದೇ ಕಂಠ. ಸರೋಜಮ್ಮ ಅನ್ನುವ ಮುದುಕಿ ಕೈಯಲ್ಲಿ ಹಾಲಿನ ಬಟ್ಟಲು ಹಿಡಿದು ಹಳೆಯ ಮನೆಯ ಗೇಟಿನ ಹತ್ತಿರ ಬಂದಳು ಅನ್ನುವತನಕ ಓದಿ, ಅಭ್ಯಾಸದಂತೆ ರಸ್ತೆಯ ಕಡೆ ನೋಡಿದರು.

“ಆಮೇಲೆ?” ಅಂದಳು ಸುಂದರಮ್ಮ.

“ತಾಳಿ, ಓದ್ತೀನಿ,” ಅಂದು ಚಾಮಯ್ಯ ಹಾಳೆ ತಿರುಗಿಸಿದರು. “ಇದು ಹರಿಯಲ್ಲ. ಇಲ್ಲೀತನಕ ಯಾರು ಬರ್ತಾರೆ?”